ಪರದೆಯ ಹಿಂದೊಂದು ಪಾಕಶಾಲೆ

ಆಟಿ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಮೂರು ವಾರಗಳಿಂದ ಊರಿನವರಿಗೆ ಒಂದು ನಕ್ಷತ್ರವೂ ಕಂಡಿರಲಿಲ್ಲ. ಆದರೆ ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ‘ಸ್ಟೆಲ್ಲೇರಿಯಂ’ ಎಂಬ ತಂತ್ರಾಂಶವನ್ನು ತೆರೆದು, ನಡುಹಗಲಿನಲ್ಲೇ ಸಪ್ತರ್ಷಿಗಳನ್ನು ಹುಡುಕುತ್ತಿದ್ದರು. ಐದು ಯಂತ್ರಗಳಲ್ಲಿ ಆಕಾಶ ಬುಗುರಿಯಂತೆ ನಿರಾಯಾಸವಾಗಿ ತಿರುಗುತ್ತಿತ್ತು. ಮೂಲೆಯ ಆರನೆಯದರಲ್ಲಿ ಮಾತ್ರ ಎತ್ತಿನ ಗಾಡಿಯ ನಡಿಗೆ. ಒಂದು ನಕ್ಷತ್ರ ಪೂರ್ವದಿಂದ ಪಶ್ಚಿಮಕ್ಕೆ ಸರಿಯುವುದರೊಳಗೆ ಪೀರಿಯಡ್ಡೇ ಮುಗಿಯುವ ಲಕ್ಷಣ!

ಅಲ್ಲಿ ಕುಳಿತಿದ್ದ ಹುಡುಗಿ ಎದ್ದು ನಿಂತು ಕೇಳಿದಳು: “ಸಾರ್, ಎಲ್ಲದರಲ್ಲಿಯೂ ಆಕಾಶ ಒಂದೇ ಅಲ್ವಾ? ಇದರಲ್ಲಿ ಮಾತ್ರ ಯಾಕೆ ನಿಧಾನ?”

“ಯಂತ್ರ ಹಾಳಾಗಿರಬೇಕು” ಎಂದು ಹೇಳಿ ಆ ಹೊತ್ತಿಗೆ ಪಾರಾದೆವು. ಆದರೆ ಮಕ್ಕಳಿಗೆ ಕೊಟ್ಟ ಅರೆಬರೆ ಉತ್ತರ ಶಿಕ್ಷಕನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯುತ್ತದೆ. ಸಂಜೆ ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆವು. ಅವನು ಹೇಳಿದ್ದನ್ನು ಕೇಳಿ, ನಾವೂ ಅಷ್ಟಿಷ್ಟು ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಬರೆದದ್ದೆಲ್ಲ ಅಡಿಗೆಯಲ್ಲ

ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದಕ್ಕೆಂದೇ ಒಂದು ಚಿಪ್ಪು ಇರುತ್ತದೆ. ಅದಕ್ಕೆ ಗ್ರಾಫಿಕ್ಸ್ ಚಿಪ್ ಎನ್ನುತ್ತಾರೆ. ಇಂಟೆಲ್‌ನವರದಕ್ಕೆ ಒಂದು ಭಾಷೆ, ಎಎಂಡಿಯವರದಕ್ಕೆ ಇನ್ನೊಂದು, ಎನ್‌ವಿಡಿಯಾದವರದಕ್ಕೆ ಮಗದೊಂದು. ಸ್ಟೆಲ್ಲೇರಿಯಂ ಬರೆದವರಿಗೆ ಈ ಭಾಷೆಗಳೆಲ್ಲ ತಿಳಿದಿರಬೇಕಾಗಿಲ್ಲ. ಅವರು ‘ಓಪನ್ ಜಿಎಲ್’ ಎಂಬ ಒಂದು ಸಾಮಾನ್ಯ ಭಾಷೆಯಲ್ಲಿ “ಇಲ್ಲಿ ಒಂದು ಚುಕ್ಕಿ ಇಡು” ಎಂದರೆ ಸಾಕು. ಅದನ್ನು ಆಯಾ ಚಿಪ್ಪಿಗೆ ತಿಳಿಯುವಂತೆ ಹೇಳುವ ದುಭಾಷಿಯೇ ಗ್ರಾಫಿಕ್ಸ್ ಡ್ರೈವರ್. ದುಭಾಷಿಯ ಬೆಲೆ ಏನೆಂಬುದನ್ನು ಗಡಿನಾಡಿನ ಕನ್ನಡಿಗರಿಗೆ ಹೊಸತಾಗಿ ಹೇಳಬೇಕಾಗಿಲ್ಲ.

ಕೇರಳದ ಶಾಲೆಗಳಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆಯ ಕಾಲದಿಂದ, ಮತ್ತು 2017ರಲ್ಲಿ ಅದು ‘ಕೈಟ್’ ಸಂಸ್ಥೆಯಾದ ಮೇಲೂ, ಲಿನಕ್ಸ್ ಎಂಬ ಮುಕ್ತ ತಂತ್ರಾಂಶವೇ ಬಳಕೆಯಲ್ಲಿದೆ. ಲಿನಕ್ಸಿನಲ್ಲಿ ಈ ದುಭಾಷಿಗಳ ದೊಡ್ಡ ಮನೆಯ ಹೆಸರು ‘ಮೆಸಾ’. ಅಮೆರಿಕದ ಬ್ರಯಾನ್ ಪಾಲ್ ಎಂಬವರು 1993ರ ಆಗಸ್ಟಿನಲ್ಲಿ ಬಿಡುವಿನ ವೇಳೆಯ ಹವ್ಯಾಸವಾಗಿ ಇದನ್ನು ಆರಂಭಿಸಿದರು. ಓಪನ್ ಜಿಎಲ್‌ನ ಒಡೆಯರಾದ ಸಿಲಿಕಾನ್ ಗ್ರಾಫಿಕ್ಸ್ ಕಂಪೆನಿಯವರ ಅನುಮತಿ ಪಡೆದು 1995ರ ಫೆಬ್ರವರಿಯಲ್ಲಿ ಮೊದಲ ಆವೃತ್ತಿಯನ್ನು ಹೊರತಂದರು. ಅಂದಿನಿಂದ ಇಂದಿನವರೆಗೆ ಬೇರೆ ಬೇರೆ ಕಂಪೆನಿಗಳ ಇಂಜಿನಿಯರುಗಳೂ, ಸಂಬಳವಿಲ್ಲದೆ ದುಡಿಯುವ ಉತ್ಸಾಹಿಗಳೂ ಅದನ್ನು ಬೆಳೆಸುತ್ತ ಬಂದಿದ್ದಾರೆ. ಅದರ ಮೂಲ ಬರಹ ಯಾರಿಗೂ ಮುಚ್ಚುಮರೆಯಿಲ್ಲದೆ ದೊರೆಯುತ್ತದೆ.

ಆದರೆ ಮೂಲ ಬರಹ ಎಂಬುದು ಅಕ್ಕಿ, ಬೇಳೆ, ತೆಂಗಿನಕಾಯಿ ಇದ್ದಂತೆ. ಸಾವಿರಾರು ಕಡತಗಳಲ್ಲಿ ಮನುಷ್ಯರು ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಬೇಯಿಸಬೇಕು, ಬೇಯಿಸಿದ್ದನ್ನು ಜೋಡಿಸಬೇಕು, ಎಲೆಗೆ ಬಡಿಸಬೇಕು. ಯಾವ ಕ್ರಮದಲ್ಲಿ, ಯಾವ ಪಾತ್ರೆಯಲ್ಲಿ, ಯಾರಿಗೆ ಯಾವ ಪದಾರ್ಥ ಎಂಬುದನ್ನು ನಿಶ್ಚಯಿಸುವ ಏರ್ಪಾಡೇ ‘ಬಿಲ್ಡ್ ವ್ಯವಸ್ಥೆ’. ನಮ್ಮ ಇಂದಿನ ವಿಷಯ ಇದುವೇ.

ಭಟ್ಟರ ಚೀಟಿ

ಜಂಬರದ ಮನೆಯ ಅಡಿಗೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬೇಕು. ಕಾಯಿ ತುರಿಯದೆ ಅರೆಯುವಂತಿಲ್ಲ, ಅರೆಯದೆ ಮೇಲಾರವಿಲ್ಲ. ಅರೆದ ಕಾಯಿ ಹಳಸಿತೆಂದು ತಿಳಿದರೆ ಅದು ಬಿದ್ದ ಪದಾರ್ಥಗಳನ್ನೆಲ್ಲ ಮತ್ತೆ ಮಾಡಬೇಕು. ಆದರೆ ಸಾರಿಗೆ ಕಾಯಿ ಹಾಕಿಲ್ಲವಾದ್ದರಿಂದ ಅದನ್ನು ಚೆಲ್ಲಬೇಕಾಗಿಲ್ಲ. ಯಾವುದು ಯಾವುದನ್ನು ಅವಲಂಬಿಸಿದೆ ಎಂಬ ಈ ಲೆಕ್ಕ ನುರಿತ ಅಡಿಗೆ ಭಟ್ಟರ ತಲೆಯಲ್ಲಿರುತ್ತದೆ.

ತಂತ್ರಾಂಶ ಲೋಕದಲ್ಲಿ ಈ ಲೆಕ್ಕವನ್ನು ಚೀಟಿಗಿಳಿಸಿದವರು ಸ್ಟುವರ್ಟ್ ಫೆಲ್ಡ್‌ಮನ್. 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಅವರ ಸಹೋದ್ಯೋಗಿಯೊಬ್ಬರು ತಮ್ಮ ಕ್ರಮವಿಧಿಯಲ್ಲಿದ್ದ ತಪ್ಪನ್ನು ಹುಡುಕುತ್ತ ಇಡೀ ಬೆಳಗನ್ನು ಕಳೆದರಂತೆ. ತಪ್ಪನ್ನು ಅವರು ಆಗಲೇ ತಿದ್ದಿಯಾಗಿತ್ತು! ತಿದ್ದಿದ ಕಡತವನ್ನು ಮತ್ತೆ ‘ಬೇಯಿಸಲು’ ಮಾತ್ರ ಮರೆತಿದ್ದರು. ಈ ಗೋಳನ್ನು ತಪ್ಪಿಸಲು ಫೆಲ್ಡ್‌ಮನ್ ‘ಮೇಕ್’ ಎಂಬ ಸಲಕರಣೆಯನ್ನು ರಚಿಸಿದರು. ಯಾವ ಕಡತ ಬದಲಾಗಿದೆಯೋ ಅದನ್ನೂ, ಅದನ್ನು ಅವಲಂಬಿಸಿದವುಗಳನ್ನೂ ಮಾತ್ರ ಅದು ಮತ್ತೆ ತಯಾರಿಸುತ್ತದೆ. ಇದಕ್ಕಾಗಿ ಅವರಿಗೆ 2003ರಲ್ಲಿ ಎಸಿಎಂ ಸಂಸ್ಥೆಯ ತಂತ್ರಾಂಶ ಪ್ರಶಸ್ತಿ ದೊರೆಯಿತು.

ಇಲ್ಲೊಂದು ಸ್ವಾರಸ್ಯವಿದೆ. ಮೇಕ್‌ನ ಚೀಟಿಯಲ್ಲಿ ಕೆಲವು ಸಾಲುಗಳು ‘ಟ್ಯಾಬ್’ ಎಂಬ ಅಂತರದಿಂದಲೇ ಆರಂಭವಾಗಬೇಕು. ಅದರ ಬದಲು ಬರಿಯ ಜಾಗ ಬಿಟ್ಟರೆ ಕೆಲಸ ಕೆಡುತ್ತದೆ. ಇದು ಸರಿಯಲ್ಲವೆಂದು ಫೆಲ್ಡ್‌ಮನ್ ಅವರಿಗೆ ಬಹು ಬೇಗನೆ ಹೊಳೆದಿತ್ತು. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿ ಗೆಳೆಯರು ಅದನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಹಾಗೆಯೇ ಬಿಟ್ಟರು. ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕಾಗಿ ಉಳಿದ ತೊಡಕನ್ನು ಐವತ್ತು ವರ್ಷಗಳಿಂದ ಲೋಕವೆಲ್ಲ ಹೊತ್ತುಕೊಂಡಿದೆ. ಬಳಕೆಗೆ ಬಂದ ಏರ್ಪಾಡನ್ನು ಬದಲಿಸುವುದು ಎಷ್ಟು ಕಷ್ಟವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಾಲ್ಕು ಚೀಟಿಗಳ ಗೋಳು

ಮೆಸಾ ಬೆಳೆದಂತೆ ಅದರ ಚೀಟಿಗಳೂ ಬೆಳೆದವು. ಲಿನಕ್ಸಿನವರಿಗಾಗಿ ‘ಆಟೋಟೂಲ್ಸ್’ ಎಂಬ ಸಲಕರಣೆಗಳ ಗುಂಪು ಬಂತು. ಇದು 1990ರ ದಶಕದ ಸೃಷ್ಟಿ. ಪ್ರತಿಯೊಂದು ಯಂತ್ರದಲ್ಲಿಯೂ ಏನಿದೆ, ಏನಿಲ್ಲ ಎಂದು ಒಂದೊಂದಾಗಿ ಪರೀಕ್ಷಿಸುವುದು ಅದರ ಕೆಲಸ. ಅದು ತಾನಾಗಿ ಹುಟ್ಟಿಸುವ ಪರೀಕ್ಷಾ ಬರಹವೇ ಸಾವಿರಾರು ಸಾಲುಗಳಷ್ಟು ಉದ್ದ. ಅದನ್ನು ಕುಳಿತು ಓದಿದ ಪುಣ್ಯಾತ್ಮರು ವಿರಳ. ವಿಂಡೋಸಿನವರಿಗೆ ‘ಎಸ್ಕಾನ್ಸ್’ ಎಂಬ ಬೇರೆಯೇ ಚೀಟಿ. ಆಂಡ್ರಾಯ್ಡ್ ಫೋನುಗಳಿಗೆ ಮೂರನೆಯದು. 2017ರಲ್ಲಿ ‘ಮೆಸಾನ್’ ಎಂಬ ನಾಲ್ಕನೆಯದೂ ಬಂದು ಸೇರಿತು. ಮೆಸಾ, ಮೆಸಾನ್ ಎಂಬ ಹೆಸರುಗಳು ಅಣ್ಣತಮ್ಮಂದಿರಂತೆ ಕೇಳಿಸಿದರೂ ಹುಟ್ಟಿನಿಂದ ಅವುಗಳಿಗೆ ನಂಟಿಲ್ಲ.

ಒಂದೇ ಅಡಿಗೆಗೆ ನಾಲ್ಕು ಚೀಟಿಗಳಾದರೆ ಆಗುವುದೇನು? ಒಬ್ಬರು ಹೊಸ ಕಡತವೊಂದನ್ನು ಬರೆದು ಅದರ ಹೆಸರನ್ನು ತಾವು ಬಳಸುವ ಚೀಟಿಗೆ ಸೇರಿಸುತ್ತಾರೆ. ಅವರ ಯಂತ್ರದಲ್ಲಿ ಎಲ್ಲವೂ ಸುಸೂತ್ರ. ಉಳಿದ ಚೀಟಿಗಳಿಗೆ ಸೇರಿಸಲು ಮರೆತರೆ, ಮರುದಿನ ವಿಂಡೋಸಿನವನಿಗೋ ಆಂಡ್ರಾಯ್ಡಿನವನಿಗೋ ಮೆಸಾ ಕಟ್ಟಲಾಗದು. ತಪ್ಪು ಮಾಡಿದವರಿಗೆ ಅದು ಕಾಣುವುದೇ ಇಲ್ಲ. ಕಾಣುವುದು ಕೊನೆಯ ಪಂಕ್ತಿಯಲ್ಲಿ ಕುಳಿತವನ ಎಲೆಯಲ್ಲಿ ಮಾತ್ರ.

ಇದನ್ನು ಕೇಳಿದಾಗ ನಮಗೆ ನಗುವೂ ಬಂತು, ಸಂಕಟವೂ ಆಯಿತು. ಮೂಲ ಪ್ರತಿ ತಿದ್ದಲ್ಪಟ್ಟು, ಅನುವಾದದ ಪ್ರತಿ ತಿದ್ದಲ್ಪಡದೆ ಉಳಿಯುವ ಅನುಭವ ಕನ್ನಡ ಮಾಧ್ಯಮದ ಶಿಕ್ಷಕರಾದ ನಮಗೆ ಹೊಸತೇನೂ ಅಲ್ಲ. ಒಮ್ಮೆ ಒಂದು ಪಾಠದ ಲೆಕ್ಕ ಮಲಯಾಳದ ಪ್ರತಿಯಲ್ಲಿ ಬದಲಾಗಿತ್ತು. ನಮ್ಮ ಮಕ್ಕಳ ಕೈಯಲ್ಲಿದ್ದುದು ಹಳೆಯ ಲೆಕ್ಕ. ಯಾರಿಗೂ ದುರುದ್ದೇಶವಿರಲಿಲ್ಲ. ಪಟ್ಟಿಗಳು ಎರಡಿದ್ದವು, ನೋಡುವ ಕಣ್ಣು ಒಂದರ ಮೇಲಿತ್ತು, ಅಷ್ಟೆ. ಮರೆವು ಯಾವಾಗಲೂ ಸಂಖ್ಯೆಯಲ್ಲಿ ಕಡಿಮೆಯಿರುವವರ ಕಡೆಗೇ ಏಕೆ ವಾಲುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ವಿವರಣೆಯನ್ನು ನಾವು ಕಂಡಿಲ್ಲ.

ಮೆಸಾನನ್ನು ರಚಿಸಿದವರು ಫಿನ್ಲೆಂಡಿನ ಯುಸ್ಸಿ ಪಕ್ಕನೆನ್. 2012ರ ಕ್ರಿಸ್ಮಸ್ ರಜೆಯಲ್ಲಿ ಆರಂಭಿಸಿ, 2013ರಲ್ಲಿ ಮೊದಲ ಆವೃತ್ತಿಯನ್ನು ಹೊರತಂದರು. ಅದರ ಚೀಟಿಯ ಭಾಷೆ ಬೇಕೆಂದೇ ಸರಳವಾಗಿರುವಂಥದು. ಕಸರತ್ತಿಗೆ ಅದರಲ್ಲಿ ಎಡೆಯಿಲ್ಲ. ಹೊಸಬನೂ ಓದಿ ಅರ್ಥಮಾಡಿಕೊಳ್ಳಬಲ್ಲ. ಲಿನಕ್ಸಿಗೂ ವಿಂಡೋಸಿಗೂ ಒಂದೇ ಚೀಟಿ ಸಾಕು. ಒಲೆಯ ಮುಂದೆ ನಿಲ್ಲುವ ಕೆಲಸವನ್ನು ಅದು ‘ನಿಂಜಾ’ ಎಂಬ ಇನ್ನೊಂದು ಸಲಕರಣೆಗೆ ಒಪ್ಪಿಸುತ್ತದೆ. ನಿಂಜಾವನ್ನು ಗೂಗಲ್ಲಿನ ಇವಾನ್ ಮಾರ್ಟಿನ್ ಕ್ರೋಮ್ ಬ್ರೌಸರಿಗಾಗಿ ರಚಿಸಿದರು. ಒಂದು ಕಡತ ಬದಲಾದರೆ ಏನೇನು ಮಾಡಬೇಕೆಂದು ಯೋಚಿಸಲು ಹಿಂದಿನ ಏರ್ಪಾಡಿಗೆ ಸುಮಾರು 10 ಸೆಕೆಂಡು ಬೇಕಾಗುತ್ತಿದ್ದರೆ, ನಿಂಜಾಕ್ಕೆ ಒಂದು ಸೆಕೆಂಡೂ ಬೇಡ. ದಿನಕ್ಕೆ ನೂರು ಸಲ ಬದಲಿಸಿ ನೋಡುವವರಿಗೆ ಇದು ಸಣ್ಣ ಉಳಿತಾಯವಲ್ಲ.

ಹಳೆಯ ಬಾಗಿಲನ್ನು ಮುಚ್ಚಿದ ರೀತಿ

ಮೆಸಾವನ್ನು ಮೆಸಾನಿಗೆ ಬದಲಿಸುವ ಕೆಲಸಕ್ಕೆ 2017ರಲ್ಲಿ ಡೈಲನ್ ಬೇಕರ್, ಎರಿಕ್ ಅನ್‌ಹೋಲ್ಟ್ ಮೊದಲಾದವರು ಕೈಹಾಕಿದರು. ಒಂದೊಂದೇ ಡ್ರೈವರನ್ನು ಹೊಸ ಚೀಟಿಗೆ ತಂದರು. ಹೊಸತು ಬಂದ ದಿನವೇ ಹಳೆಯದನ್ನು ಹರಿದೊಗೆಯಲಿಲ್ಲ. ಜನ ವಾಸವಿರುವ ಮನೆಯ ಮಾಡು ಬದಲಿಸುವಾಗ ಒಂದು ಕೋಣೆಯ ಹಂಚು ಇಳಿಸಿ, ಹೊದೆಸಿ, ಮತ್ತೆ ಇನ್ನೊಂದು ಕೋಣೆಗೆ ಹೋಗುವುದಿಲ್ಲವೇ? ಹಾಗೆ.

2018ರಲ್ಲಿ ಆಟೋಟೂಲ್ಸನ್ನು ತೆಗೆದುಬಿಡುವ ಮಾತು ಬಂದಾಗ ಕೆಲವರು ಆಕ್ಷೇಪಿಸಿದರು. “ನಮ್ಮಲ್ಲಿ ಇನ್ನೂ ಇಂಥದು ಆಗುತ್ತಿಲ್ಲ” ಎಂದು ಕೊರತೆಗಳನ್ನು ಎತ್ತಿ ತೋರಿಸಿದರು. ಆ ಕೊರತೆಗಳನ್ನು ತುಂಬುವ ಕೆಲಸ ನಡೆಯಿತು. 2019ರ 19.0 ಆವೃತ್ತಿಯಲ್ಲಿ ಹಳೆಯ ಬಾಗಿಲು ಇನ್ನೂ ಇತ್ತು. ಆದರೆ “ಇದು ಮುಚ್ಚಲಿದೆ, ತಿಳಿದೇ ಬರುತ್ತಿದ್ದೇನೆ” ಎಂದು ಸ್ಪಷ್ಟವಾಗಿ ಹೇಳಿದವರಿಗೆ ಮಾತ್ರ ತೆರೆಯುತ್ತಿತ್ತು. ಮುಂದಿನ 19.1ರಲ್ಲಿ ಅದನ್ನು ತೆಗೆದುಹಾಕಿದರು. ವಿಂಡೋಸಿಗಾಗಿ ಮೆಸಾವನ್ನು ಕಟ್ಟುತ್ತಿದ್ದ ವಿಎಂವೇರ್‌ನವರಂಥವರು ಎಸ್ಕಾನ್ಸನ್ನು ನೆಚ್ಚಿಕೊಂಡಿದ್ದರಿಂದ ಅದಕ್ಕೆ 2020ರವರೆಗೆ ಆಯುಸ್ಸು ದೊರೆಯಿತು. ಆಂಡ್ರಾಯ್ಡಿನವರಿಗೂ ಅವರ ಕಡೆಯಿಂದಲೇ ಮೆಸಾನನ್ನು ಕರೆಯುವ ದಾರಿಯೊಂದನ್ನು 2021ರಲ್ಲಿ ಮಾಡಿದ ಮೇಲೆ ಹಳೆಯ ಚೀಟಿ ಹೋಯಿತು.

ನಾಲ್ಕು ಚೀಟಿಗಳು ಒಂದಾಗಲು ಹೀಗೆ ನಾಲ್ಕು ವರ್ಷಗಳು ಹಿಡಿದವು. ‘ಬಹುಮತವಿದೆ, ನಾಳೆಯಿಂದ ಇದೇ ಕಾನೂನು’ ಎಂದಿದ್ದರೆ ನಾಲ್ಕು ತಿಂಗಳೂ ಬೇಕಾಗುತ್ತಿರಲಿಲ್ಲ. ಆದರೆ ಕೆಲವರು ಹೊರಗುಳಿಯುತ್ತಿದ್ದರು.

ಹಳೆಯ ಚಿಪ್ಪುಗಳ ವಿಷಯದಲ್ಲಿಯೂ ಇಂಥದೇ ಎಚ್ಚರವನ್ನು ಕಾಣಬಹುದು. 2000ದ ಆಸುಪಾಸಿನ ಕೆಲವು ರೇಡಿಯಾನ್ ಮತ್ತು ಎನ್‌ವಿಡಿಯಾ ಕಾರ್ಡುಗಳ ಡ್ರೈವರುಗಳನ್ನು ನೋಡಿಕೊಳ್ಳುವವರಿಲ್ಲದೆ, 2022ರ 22.0 ಆವೃತ್ತಿಯಿಂದ ಅವನ್ನು ಹೊರಗಿಡಲಾಯಿತು. ಹೊರಗಿಟ್ಟರೂ ಎಸೆಯಲಿಲ್ಲ. ‘ಆಂಬರ್’ ಎಂಬ ಪ್ರತ್ಯೇಕ ಶಾಖೆಯಲ್ಲಿ ಉಳಿಸಿ, ಹೊಸ ಮೆಸಾ ಇರುವ ಯಂತ್ರದಲ್ಲಿಯೇ ಆಂಬರನ್ನೂ ಪಕ್ಕದಲ್ಲಿ ಇರಿಸುವಂತೆ ಬಿಲ್ಡ್ ಚೀಟಿಯಲ್ಲಿ ಒಂದು ಆಯ್ಕೆಯನ್ನು ಸೇರಿಸಿದರು. ಹಳೆಯ ಇಂಟೆಲ್ ಚಿಪ್ಪುಗಳಿಗಂತೂ ಡೇವ್ ಏರ್‌ಲೀ ಎಂಬವರು 2021ರಲ್ಲಿ ‘ಕ್ರೋಕಸ್’ ಎಂಬ ಹೊಸ ಡ್ರೈವರನ್ನೇ ಬರೆದರು. ದಾನವಾಗಿ ಬಂದ ಹಳೆಯ ಯಂತ್ರಗಳನ್ನು ಒರೆಸಿ ತಿಕ್ಕಿ ನಡೆಸುವ ನಮ್ಮಂಥ ಶಾಲೆಗಳವರಿಗೆ ಇದರ ಬೆಲೆ ಗೊತ್ತು.

ದಿನನಿತ್ಯದ ದುಡಿಮೆ

ಚೀಟಿ ಒಂದಾಯಿತು, ಇನ್ನೇನು ಕೆಲಸ ಎಂದು ವಾಚಕರು ಕೇಳಬಹುದು. ಕೆಲಸ ಮುಗಿಯುವುದೆಂಬುದಿಲ್ಲ. ಮೆಸಾದ ಎಷ್ಟೋ ಕಡತಗಳನ್ನು ಮನುಷ್ಯರು ಬರೆಯುವುದೇ ಇಲ್ಲ. ಒಂದು ಪಟ್ಟಿಯನ್ನು ಓದಿ, ಪೈತಾನ್ ಭಾಷೆಯ ಕಿರು ಕ್ರಮವಿಧಿಗಳು ಅವನ್ನು ಹುಟ್ಟಿಸುತ್ತವೆ. ಹುಟ್ಟಿಸುವುದಕ್ಕೆ ಮೊದಲೇ ಬೇಯಿಸಲು ಹೊರಟರೆ ಕೆಟ್ಟಿತು. ಚೀಟಿಯಲ್ಲಿ ಈ ಅವಲಂಬನೆಯನ್ನು ಬರೆಯಲು ಮರೆತಿದ್ದರೂ ಇಬ್ಬರೇ ಕೆಲಸ ಮಾಡುವ ಅಡಿಗೆಮನೆಯಲ್ಲಿ ಅದೃಷ್ಟವಶಾತ್ ಎಲ್ಲವೂ ಸರಿಹೋಗಬಹುದು. ಅರುವತ್ತು ಕೈಗಳು ಒಮ್ಮೆಲೇ ದುಡಿಯುವ ದೊಡ್ಡ ಯಂತ್ರದಲ್ಲಿ, ತುರಿಯುವವನು ಬರುವ ಮೊದಲೇ ಅರೆಯುವವನು ಬಂದು ಬರಿದಾದ ಪಾತ್ರೆಯನ್ನು ನೋಡಿ ನಿಲ್ಲುತ್ತಾನೆ. ಒಮ್ಮೆ ಆಗುವ, ಮತ್ತೊಮ್ಮೆ ಆಗದಿರುವ ಇಂಥ ತಪ್ಪನ್ನು ಹಿಡಿಯುವುದೆಂದರೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಿದಂತೆ.

ಬೇಯಿಸುವ ಯಂತ್ರ ಬೇರೆ, ಉಣ್ಣುವ ಯಂತ್ರ ಬೇರೆ ಆಗುವುದೂ ಉಂಟು. ಅಂಗೈಯಗಲದ ರಾಸ್ಪ್‌ಬೆರಿ ಪೈ ಯಂತ್ರಕ್ಕೆ ಬೇಕಾದ ಮೆಸಾವನ್ನು ದೊಡ್ಡ ಕಂಪ್ಯೂಟರಿನಲ್ಲಿ ಕಟ್ಟಬಹುದು. ಆಗ ಯಾವ ಕಡತ ಅಡಿಗೆಯವನಿಗೆ, ಯಾವುದು ಅತಿಥಿಗೆ ಎಂಬ ವಿವೇಚನೆ ಚೀಟಿಯಲ್ಲಿರಬೇಕು. ಎಲ್‌ಎಲ್‌ವಿಎಂ ಎಂಬ ಬೇರೆ ಯೋಜನೆಯ ಸಾಮಗ್ರಿಯನ್ನು ಮೆಸಾ ಬಳಸುತ್ತದೆ; ಅದು ಹೊಸ ಆವೃತ್ತಿಗೆ ಬದಲಾದಾಗಲೆಲ್ಲ ಹೊಂದಿಸಿಕೊಳ್ಳಬೇಕು. ಇತ್ತೀಚಿನ ವರ್ಷಗಳಲ್ಲಿ ಮೆಸಾದ ಕೆಲವು ಭಾಗಗಳು ‘ರಸ್ಟ್’ ಎಂಬ ಹೊಸ ಭಾಷೆಯಲ್ಲಿ ಬರುತ್ತಿವೆ. 2022ರ ‘ರಸ್ಟಿಕಲ್’ ಅದಕ್ಕೊಂದು ನಿದರ್ಶನ. ಹಳೆಯ ಅಡಿಗೆಮನೆಯಲ್ಲಿ ಹೊಸ ಒಲೆ! ಮೆಸಾನಿನ ಹೊಸ ಸೌಲಭ್ಯವನ್ನು ಬಳಸಬೇಕೆಂದರೂ, ಹಳೆಯ ಮೆಸಾನ್ ಇಟ್ಟುಕೊಂಡಿರುವವರು ಎಲ್ಲಿಗೆ ಹೋಗಬೇಕು ಎಂದು ಯೋಚಿಸಿಯೇ ಹೆಜ್ಜೆಯಿಡಬೇಕು.

ಈ ಕೆಲಸದಲ್ಲಿ ಹೆಸರಿಲ್ಲ. ಹೊಸ ಡ್ರೈವರ್ ಬರೆದವರಿಗೆ ಚಪ್ಪಾಳೆ ಬೀಳುತ್ತದೆ. ಚೀಟಿ ತಿದ್ದಿದವರನ್ನು ಜನ ನೆನೆಯುವುದು ಅದು ಕೆಟ್ಟ ದಿನ ಮಾತ್ರ.

ಹಿಂಬಾಗಿಲಿನ ಕಾವಲು

ಹೆಸರಿಲ್ಲದ ಕೆಲಸವೆಂದು ಅಲಕ್ಷಿಸಿದರೆ ಏನಾಗುತ್ತದೆ? ಅದಕ್ಕೊಂದು ಭಯಂಕರ ಉದಾಹರಣೆ ಮೆಸಾದ ಹೊರಗೆ, 2024ರಲ್ಲಿ ನಡೆಯಿತು. ಕಡತಗಳನ್ನು ಕಿರಿದುಮಾಡುವ ‘ಎಕ್ಸ್‌ಝಡ್’ ಎಂಬ ಮುಕ್ತ ತಂತ್ರಾಂಶವನ್ನು ಒಬ್ಬರೇ ವ್ಯಕ್ತಿ ವರ್ಷಗಟ್ಟಲೆ ನೋಡಿಕೊಂಡು ದಣಿದಿದ್ದರು. ನೆರವಾಗುವ ನೆಪದಲ್ಲಿ ಒಬ್ಬ ಅಪರಿಚಿತ ಬಂದು, ಎರಡು ವರ್ಷಗಳ ಕಾಲ ವಿಶ್ವಾಸ ಗಳಿಸಿ, ಕೊನೆಗೆ ಒಳಗೆ ವಿಷವಿಟ್ಟ. ಇಟ್ಟದ್ದೆಲ್ಲಿ? ಎಲ್ಲರೂ ಓದುವ ಮೂಲ ಬರಹದಲ್ಲಿ ಅಲ್ಲ. ಹಂಚಿಕೆಯ ಕಟ್ಟಿನೊಳಗೆ ಮಾತ್ರ ಇದ್ದ, ಆಟೋಟೂಲ್ಸಿನ ಒಂದು ಬಿಲ್ಡ್ ಕಡತದಲ್ಲಿ. ಅಲ್ಲಿಂದ ಅದು, ಪರೀಕ್ಷೆಯ ಮಾದರಿಗಳೆಂಬಂತೆ ಇಟ್ಟಿದ್ದ ಕಡತಗಳೊಳಗಿನ ಕಳ್ಳ ಸಂಕೇತವನ್ನು ಎಬ್ಬಿಸುತ್ತಿತ್ತು. ಲೋಕದ ಸರ್ವರುಗಳಿಗೆ ಕಳ್ಳ ಕೀಲಿ ಮಾಡುವ ಹುನ್ನಾರ ಅದು.

ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರರು ತಮ್ಮ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿ, ಯಾಕೆಂದು ಬೆನ್ನು ಹತ್ತಿ, ಮಾರ್ಚ್ 29ರಂದು ವಿಷಯವನ್ನು ಬಯಲಿಗೆಳೆದರು. ಅರ್ಧ ಸೆಕೆಂಡನ್ನು ಅವರು ಅಲಕ್ಷಿಸಿದ್ದರೆ ಆಗಬಹುದಾಗಿದ್ದ ಅನಾಹುತವನ್ನು ಊಹಿಸಲೂ ಭಯವಾಗುತ್ತದೆ. ಯಾರೂ ಓದದ ಚೀಟಿಯಲ್ಲಿಯೇ ಕಳ್ಳ ಅಡಗಿದ್ದ. ಆದ್ದರಿಂದ ಚೀಟಿ ಎಲ್ಲರಿಗೂ ಓದಿ ತಿಳಿಯುವಷ್ಟು ಸರಳವಾಗಿರಬೇಕೆಂಬುದು ಕೇವಲ ಅನುಕೂಲದ ಮಾತಲ್ಲ, ರಕ್ಷಣೆಯ ಮಾತೂ ಹೌದು. ಅದನ್ನು ನೋಡಿಕೊಳ್ಳುವವನು ಒಬ್ಬಂಟಿಯಾಗದಂತೆ ಕಾಯುವುದೂ ಅಷ್ಟೇ ಅಗತ್ಯ.

ಮೆಸಾದಲ್ಲಿ ಈ ಕಾವಲಿಗೊಂದು ಕ್ರಮವಿದೆ. ಯಾರೇ ಬದಲಾವಣೆ ಕಳುಹಿಸಿದರೂ ಅದನ್ನು ಬೇರೆಯವರು ಓದುತ್ತಾರೆ. ಮತ್ತೆ ಬೇರೆ ಬೇರೆ ಬಗೆಯ ಯಂತ್ರಗಳಿಗಾಗಿ ಕಟ್ಟಿ ಪರೀಕ್ಷಿಸಿ, ಎಲ್ಲವೂ ಸರಿಯಾದರೆ ಮಾತ್ರ ಸೇರಿಸುತ್ತಾರೆ. ಈ ಪರೀಕ್ಷೆಗೂ ಹಣ ಬೇಕು. 2020ರ ಫೆಬ್ರವರಿಯಲ್ಲಿ, ಇದರ ಖರ್ಚು ಹೊರುತ್ತಿದ್ದ ಎಕ್ಸ್.ಆರ್ಗ್ ಪ್ರತಿಷ್ಠಾನವು, ಹೊಸ ನೆರವು ಬಾರದಿದ್ದರೆ ಪರೀಕ್ಷೆಯನ್ನೇ ನಿಲ್ಲಿಸಬೇಕಾದೀತೆಂದು ಬಹಿರಂಗವಾಗಿ ಹೇಳಬೇಕಾಗಿ ಬಂದಿತ್ತು. ಪುಕ್ಕಟೆಯಾಗಿ ಸಿಗುವುದು ಪುಕ್ಕಟೆಯಾಗಿ ಆಗುವುದಿಲ್ಲ.

ಮತ್ತೆ ಆರನೆಯ ಯಂತ್ರ

ನಮ್ಮ ಹಳೆಯ ವಿದ್ಯಾರ್ಥಿ ಫೋನಿನಲ್ಲಿಯೇ ನಾಲ್ಕಾರು ಆಜ್ಞೆಗಳನ್ನು ಹೇಳಿಕೊಟ್ಟು ಯಂತ್ರವನ್ನು ಪರೀಕ್ಷಿಸಿದ. ಯಂತ್ರ ಹಾಳಾಗಿರಲಿಲ್ಲ. ಯಾವಾಗಲೋ ತಂತ್ರಾಂಶದ ನವೀಕರಣ ನಡೆಯುತ್ತಿದ್ದಾಗ ಕರೆಂಟು ಹೋಗಿ, ಗ್ರಾಫಿಕ್ಸ್ ಚಿಪ್ಪನ್ನು ಎಚ್ಚರಿಸುವ ಕಡತಗಳ ಕಟ್ಟೊಂದು ಸೇರದೆ ಉಳಿದಿತ್ತು. ಚಿಪ್ಪು ಸಿಗದಿದ್ದರೂ ಮೆಸಾ ಕೈಚೆಲ್ಲಿರಲಿಲ್ಲ. ಆ ಚಿಪ್ಪಿನ ಕೆಲಸವನ್ನೆಲ್ಲ ಯಂತ್ರದ ಮುಖ್ಯ ಪ್ರೊಸೆಸರಿನಿಂದಲೇ ಮಾಡಿಸುತ್ತ, ಒಂದೊಂದು ಚುಕ್ಕಿಯನ್ನೂ ಹೇಗೋ ಪರದೆಗೆ ತಲುಪಿಸುತ್ತಿತ್ತು. ನಮಗೆ ಅದು ನಿಧಾನವೆಂದು ಕಂಡಿತು. ನಿಜಕ್ಕೂ ಅದು ನಿಷ್ಠೆ.

ಕಟ್ಟನ್ನು ಮತ್ತೆ ಹಾಕಿ ಯಂತ್ರವನ್ನು ತೆರೆದೆವು. ಮರುದಿನ ಆ ಹುಡುಗಿಗೆ ಕಾರಣವನ್ನು ಸವಿಸ್ತಾರವಾಗಿ ತಿಳಿಸಿ, ಹಿಂದಿನ ದಿನದ ನಮ್ಮ ಉತ್ತರ ತಪ್ಪೆಂದೂ ಒಪ್ಪಿಕೊಂಡೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಆ ಚೀಟಿಯನ್ನು ನಾವೂ ಓದಬಹುದಾ ಸಾರ್?” ಎಂದು ಕೇಳಿದಳು.

ಓದಬಹುದು. ಅಷ್ಟೇ ಅಲ್ಲ, ತಪ್ಪು ಕಂಡರೆ ತಿದ್ದಿ ಕಳುಹಿಸಲೂಬಹುದು. ತಿದ್ದಿದ್ದು ಒಂದೇ ಸಾಲಾದರೂ ತಿದ್ದಿದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಯಾವ ಊರು, ಯಾವ ಮಾಧ್ಯಮ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ತಿದ್ದುಪಡಿ ಸರಿಯೇ ಎಂದಷ್ಟೇ ನೋಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಇಂಗ್ಲಿಷಿನ ಅಳುಕು ಇರುವುದು ಸಹಜ. ಆದರೆ ಎರಡು ಮೂರು ಭಾಷೆಗಳ ನಡುವೆ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಒಂದು ಪ್ರತಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಏನು ಬಿಟ್ಟುಹೋಗಿದೆ ಎಂದು ನೋಡುವ ಅಭ್ಯಾಸ ಚಿಕ್ಕಂದಿನಿಂದಲೇ ಇದೆ. ಪಟ್ಟಿಗಳನ್ನು ಕಾಯುವ ಕೆಲಸಕ್ಕೆ ಬೇಕಾದ ಮುಖ್ಯ ಗುಣ ಅದೇ ಎಂಬುದನ್ನು ಹೆತ್ತವರು ಮನಗಾಣಬೇಕು.

ಆ ಶುಕ್ರವಾರವೂ ಮಳೆ ಬಿಡಲಿಲ್ಲ. ಆರು ಯಂತ್ರಗಳಲ್ಲಿಯೂ ಸಪ್ತರ್ಷಿಗಳು ಒಟ್ಟಿಗೇ ಮೂಡಿದರು.